ನೀರ್ ಸಾಬ್ ಬಿಟ್ಟುಹೋದ ಪ್ರಶ್ನೆ: ಕೂಲಿ ಊರಿನದ್ದು, ತೀರ್ಮಾನ ಯಾರದ್ದು?

ಮಂತ್ರಿಗಳ ಹೆಸರು ಜನರ ಬಾಯಲ್ಲಿ ಹೆಚ್ಚು ದಿನ ಉಳಿಯೋದಿಲ್ಲ. ಖಾತೆ ಹೋದ ಮರುದಿನವೇ ಹೆಸರೂ ಹೋಗುತ್ತದೆ. ಆದರೆ ಕರ್ನಾಟಕದ ಒಬ್ಬ ಮಂತ್ರಿಯ ಹೆಸರನ್ನು ಜನರೇ ತಿದ್ದಿ ತಮ್ಮದಾಗಿಸಿಕೊಂಡರು. ಅಬ್ದುಲ್ ನಜೀರ್ ಸಾಬ್ ಎಂಬ ಹೆಸರು ಹಳ್ಳಿಹಳ್ಳಿಯಲ್ಲಿ ನೀರ್ ಸಾಬ್ ಆಯಿತು. ಅವರು ತೀರಿಕೊಂಡು 35 ವರ್ಷ ದಾಟಿದೆ. ಈಗಿನ ಹುಡುಗರಿಗೆ ಅವರ ಮುಖ ಗೊತ್ತಿಲ್ಲ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಮೈಸೂರಿನ ತರಬೇತಿ ಸಂಸ್ಥೆಯ ಬೋರ್ಡಿನ ಮೇಲೆ ಆ ಹೆಸರು ಕಂಡಿರಬಹುದು, ಅಷ್ಟೇ.

ನೀರ್ ಸಾಬ್ ಎಂದರೆ ಬೋರ್‌ವೆಲ್ ಹಾಕಿಸಿದವರು ಅನ್ನುವ ನೆನಪು ತಪ್ಪಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದರ್ಧದಲ್ಲಿ ಇರೋದು ಅಧಿಕಾರದ ಲೆಕ್ಕ. ಬಡವನ ಹೆಸರಲ್ಲಿ ಬರುವ ದುಡ್ಡನ್ನು ಎಲ್ಲಿ, ಯಾವ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಹೇಳೋರು ಯಾರು? ಈ ಪ್ರಶ್ನೆಗೆ ಅವರು ಕಾಯ್ದೆಯ ಮೂಲಕ ಉತ್ತರ ಕೊಟ್ಟರು. ಆ ಉತ್ತರವನ್ನು ನಾವೀಗ ಸದ್ದಿಲ್ಲದೆ ಅಳಿಸುತ್ತಿದ್ದೇವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ನಿಂತು ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಗುಂಡ್ಲುಪೇಟೆಯ ಮನುಷ್ಯ, ನವಲಗುಂದದ ಸಿಟ್ಟು

ನಜೀರ್ ಸಾಬ್ ಗುಂಡ್ಲುಪೇಟೆಯವರು. ಆಗ ಅದು ಮೈಸೂರು ಜಿಲ್ಲೆಯ ದಕ್ಷಿಣದ ತುದಿ, ಈಗ ಚಾಮರಾಜನಗರ ಜಿಲ್ಲೆಯಲ್ಲಿದೆ. ಒಂದು ಕಡೆ ಬಂಡೀಪುರದ ಕಾಡು, ಇನ್ನೊಂದು ಕಡೆ ಕೇರಳ, ತಮಿಳುನಾಡಿನ ಗಡಿ. ನಡುವೆ ಮಳೆ ನಂಬಿದ ಒಣ ಹೊಲ. ಪಕ್ಕದ ತಾಲ್ಲೂಕಿನಲ್ಲಿ ಕಬಿನಿ ಕಂಡರೂ ತಮ್ಮ ಹೊಲ ಆಕಾಶ ನೋಡುತ್ತಾ ಕೂರುವ ಸೀಮೆ. ಹಿಂದೆ ದೊಡ್ಡ ಜಾತಿಯ ಬಲ ಇಲ್ಲದ, ಜಮೀನ್ದಾರಿ ಹಿನ್ನೆಲೆ ಇಲ್ಲದ ಮುಸ್ಲಿಂ ರಾಜಕಾರಣಿಯೊಬ್ಬ ಅಲ್ಲಿಂದ ಹೊರಟು ಇಡೀ ರಾಜ್ಯದ ಹಳ್ಳಿಗಳ ಮಂತ್ರಿಯಾಗುವುದು ಆಗಲೂ ಸುಲಭವಿರಲಿಲ್ಲ, ಈಗಂತೂ ಊಹಿಸೋದೂ ಕಷ್ಟ.

ಅವರಿಗೆ ಆ ಜಾಗ ಸಿಗುವಂತೆ ಮಾಡಿದ ರಾಜಕೀಯ ಬದಲಾವಣೆಯ ಒಂದು ಬೇರು ಧಾರವಾಡ ಜಿಲ್ಲೆಯಲ್ಲೇ ಇದೆ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಅಭಿವೃದ್ಧಿ ಕರ ಹೇರಿತ್ತು. ಕಾಲುವೆ ನಕ್ಷೆಯಲ್ಲಿ ಹೊಲಕ್ಕೆ ನೀರು ಬಂದಿತ್ತು, ನೆಲದ ಮೇಲೆ ಎಷ್ಟೋ ಕಡೆ ಬಂದಿರಲಿಲ್ಲ. ಕರ ಮಾತ್ರ ಬಂತು. ನವಲಗುಂದ ಮತ್ತು ನರಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ನಡೆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಬಂಡಾಯ ರಾಜ್ಯಕ್ಕೆಲ್ಲ ಹಬ್ಬಿತು, ರೈತ ಸಂಘ ಬೆಳೆಯಿತು.

ಈ ಸಿಟ್ಟಿನ ಒಳಗಿದ್ದ ತಕರಾರು ಕರದ ಮೊತ್ತದ ಬಗ್ಗೆ ಮಾತ್ರ ಇರಲಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ನಮ್ಮ ಹೊಲಕ್ಕೆ ನೀರು ಬಂದಿದೆಯೋ ಇಲ್ಲವೋ ಅನ್ನೋದು ಹೇಗೆ ಗೊತ್ತು ಎಂಬುದೂ ಅದರಲ್ಲಿತ್ತು. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ರಾಮಕೃಷ್ಣ ಹೆಗಡೆ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬ್ ಕೈಗೆ ಬಂತು. ಅವರ ಬದುಕಿನ ಕೊನೆಯ ಆರು ವರ್ಷವೂ ಇರದ ಆ ಅವಧಿಯೇ ಅವರನ್ನು ಇತಿಹಾಸದಲ್ಲಿ ಉಳಿಸಿತು.

ಪಂಪಿನ ಪಾಠ

ಮೊದಲು ನೀರು. ಎಂಬತ್ತರ ದಶಕವನ್ನು ವಿಶ್ವಸಂಸ್ಥೆ ಕುಡಿಯುವ ನೀರಿನ ದಶಕ ಎಂದು ಘೋಷಿಸಿತ್ತು. ಕರ್ನಾಟಕದಲ್ಲಿ ಬರದ ಮೇಲೆ ಬರ. ಹೆಣ್ಣುಮಕ್ಕಳು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದರು. ದಲಿತ ಕೇರಿಯವರು ಮೇಲ್ಜಾತಿಯವರ ಬಾವಿಯ ಹತ್ತಿರ ಯಾರಾದರೂ ಸೇದಿ ಹಾಕಲಿ ಎಂದು ಕಾಯುತ್ತಿದ್ದರು. ನಜೀರ್ ಸಾಬ್ ಇದನ್ನೇ ತಮ್ಮ ಮೊದಲ ಕೆಲಸ ಮಾಡಿಕೊಂಡರು. ಹಳ್ಳಿಗೊಂದಾದರೂ ಬೋರ್‌ವೆಲ್, ಅದರ ಮೇಲೆ ಕೈಪಂಪು. ರಿಗ್ ಲಾರಿ ಊರಿಗೆ ಬಂದರೆ ಜಾತ್ರೆಗೆ ಸೇರಿದ ಹಾಗೆ ಜನ ಸೇರುತ್ತಿದ್ದರು. ಕೇರಿಯೊಳಗೇ ಪಂಪು ಬಂದಾಗ ಬಾವಿಕಟ್ಟೆಯ ಆ ಕಾಯುವಿಕೆ ಎಷ್ಟೋ ಊರಲ್ಲಿ ತಪ್ಪಿತು. ನೀರ್ ಸಾಬ್ ಅನ್ನುವ ಹೆಸರು ಹುಟ್ಟಿದ್ದು ಇಲ್ಲಿ.

ಎಂಜಿನಿಯರಿಂಗ್ ಓದಿ ಈ ಕಡೆ ಬಂದ ನನಗೆ ಆ ಪಂಪಿನ ಮೇಲೆ ವಿಶೇಷ ಪ್ರೀತಿ. ಇಂಡಿಯಾ ಮಾರ್ಕ್-2 ಅಂತ ಅದರ ಹೆಸರು. ಸೊಲ್ಲಾಪುರ ಸೀಮೆಯ ಕೈಪಂಪಿನ ಮಾದರಿಯಿಂದ ಎಪ್ಪತ್ತರ ದಶಕದಲ್ಲಿ ಬೆಳೆದದ್ದು. ದಿನವಿಡೀ ನೂರಾರು ಜನ ಜಗ್ಗಿದರೂ ತಡೆಯುವ ಗಟ್ಟಿ ಯಂತ್ರ. ಆದರೆ ಒಂದು ಕೊರತೆ ಇತ್ತು. ಭೂಮಿಯೊಳಗಿನ ವಾಷರ್ ಸವೆದರೆ ಅದನ್ನು ಬದಲಿಸಲು ಭಾರದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಊರವರ ಕೈ ಸಾಲದು, ಜಿಲ್ಲೆಯಿಂದ ರಿಪೇರಿ ಗಾಡಿ ಬರಬೇಕು. ಕೆಲವೇ ರೂಪಾಯಿಯ ವಾಷರ್‌ಗಾಗಿ ಇಡೀ ಊರು ವಾರಗಟ್ಟಲೆ ಒಣಗುತ್ತಿತ್ತು. ಮುಂದೆ ಊರಲ್ಲೇ ಬಿಚ್ಚಿ ಜೋಡಿಸಬಹುದಾದ ಮಾರ್ಕ್-3 ಬಂದದ್ದು ಈ ಕಾರಣಕ್ಕೇ.

ಸರ್ಕಾರದ ಯೋಜನೆಗಳದ್ದೂ ಇದೇ ಕಥೆ. ಹಾಕೋದು ಸುಲಭ, ಕೆಟ್ಟಾಗ ಕೇಳೋರು ಊರಲ್ಲಿ ಇರಬೇಕು. ಕೇಳುವವನ ಕೈಯಲ್ಲಿ ಅಧಿಕಾರವೂ ಇರಬೇಕು. ನಜೀರ್ ಸಾಬ್ ಪಂಪಿನ ಜೊತೆಜೊತೆಗೇ ಕಾಯ್ದೆಯನ್ನೂ ಹಿಡಿದುಕೊಂಡು ಓಡಾಡಿದ್ದು ಬರೀ ಕಾಕತಾಳೀಯ ಅನ್ನಿಸೋದಿಲ್ಲ.

ಡಿ.ಸಿ.ಗಿಂತ ದೊಡ್ಡ ಕುರ್ಚಿ

ಅಲ್ಲಿಯವರೆಗೆ ಹಳೇ ಮೈಸೂರಿನ ಪದ್ಧತಿಯೇ ನಡೆಯುತ್ತಿತ್ತು. 1959ರ ಕಾಯ್ದೆಯ ಪ್ರಕಾರ ಕೆಳಗೆ ಗ್ರಾಮ ಪಂಚಾಯಿತಿ, ನಡುವೆ ತಾಲ್ಲೂಕು ಬೋರ್ಡು. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಲಹಾ ಮಂಡಳಿ. ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದ ಡಿಸ್ಟ್ರಿಕ್ಟ್ ಲೋಕಲ್ ಬೋರ್ಡ್ ಕಂಡಿದ್ದ ಧಾರವಾಡದವರಿಗೆ ಇದು ಹಿಂದಕ್ಕೆ ಹೋದ ಹಾಗೇ ಇತ್ತು. ಜಿಲ್ಲೆಯಲ್ಲಿ ಜನ ಆರಿಸಿದ ದೊಡ್ಡ ಕುರ್ಚಿಯೇ ಇರಲಿಲ್ಲ.

1983ರಲ್ಲಿ ನಜೀರ್ ಸಾಬ್ ಹೊಸ ಮಸೂದೆ ತಂದರು. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ, ನ್ಯಾಯ ಪಂಚಾಯಿತಿ. 1978ರ ಅಶೋಕ ಮೆಹ್ತಾ ಸಮಿತಿ ಹೇಳಿದ್ದ ದಾರಿಯನ್ನು ಬಹುಪಾಲು ಹಿಡಿದ ಕಾಯ್ದೆ ಇದು. ಜಿಲ್ಲಾ ಪರಿಷತ್ತಿಗೂ ಮಂಡಲಕ್ಕೂ ನೇರ ಚುನಾವಣೆ. ಮಹಿಳೆಯರಿಗೆ ಶೇ. 25, ಪರಿಶಿಷ್ಟರಿಗೆ ಶೇ. 18 ಮೀಸಲು. ಗ್ರಾಮಸಭೆಗೆ ಕಾಯ್ದೆಯ ಬಲ. ಮಸೂದೆಗೆ ರಾಷ್ಟ್ರಪತಿಯ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು.

ವಿರೋಧ ವಿಧಾನಸೌಧದ ಒಳಗಿಂದಲೂ ಬಂತು. ಬೋರ್‌ವೆಲ್, ರಸ್ತೆ, ಶಾಲೆ ಕೊಠಡಿ ಹಂಚೋದು ಶಾಸಕರ ಬಲ. ಅದನ್ನು ಜಿಲ್ಲಾ ಪರಿಷತ್ತಿಗೆ ಕೊಟ್ಟರೆ ತಮ್ಮ ಹಿಂದೆ ಯಾರು ಬರುತ್ತಾರೆ ಎಂಬ ಭಯ ಅವರಿಗೆ. ಅಧಿಕಾರಿಗಳಿಗೆ ಬೇರೆ ಸಂಕಟ. ಹೊಸ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಡಿ.ಸಿ.ಗಿಂತ ಹಿರಿಯ ಐಎಎಸ್ ಅಧಿಕಾರಿ. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಎಂಜಿನಿಯರಿಂಗ್ ವಿಭಾಗ ಎಲ್ಲ ಅದರ ಅಡಿಗೆ. ಸ್ವಂತ ಪಕ್ಷದವರೇ ಮುಖ ಗಂಟು ಹಾಕಿಕೊಂಡಿದ್ದಾಗಲೂ ನಜೀರ್ ಸಾಬ್ ಹಿಂದೆ ಸರಿಯಲಿಲ್ಲ. ಹೆಗಡೆಯವರು ಬೆನ್ನಿಗೆ ನಿಂತದ್ದೂ ನಿಜ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸುಮಾರು 2,500 ಮಂಡಲಗಳು, 55,000ದಷ್ಟು ಸದಸ್ಯರು. ಅವರಲ್ಲಿ ಸುಮಾರು 14,000 ಮಹಿಳೆಯರು. ದೇಶದಲ್ಲಿ ಇಷ್ಟು ಸಂಖ್ಯೆಯ ಹೆಣ್ಣುಮಕ್ಕಳು ಒಂದೇ ಬಾರಿಗೆ ಅಧಿಕಾರದ ಸ್ಥಾನಕ್ಕೆ ಬಂದದ್ದು ಆವರೆಗೆ ಕಂಡಿರಲಿಲ್ಲ. ಆಗಿನ ಧಾರವಾಡ ಈಗಿನಂತೆ ಪುಟ್ಟ ಜಿಲ್ಲೆಯಲ್ಲ. ಗದಗ, ಹಾವೇರಿ ಸೇರಿ 17 ತಾಲ್ಲೂಕು. ಕಲಘಟಗಿಯ ಮಲೆನಾಡ ಸೆರಗಿನಿಂದ ಮುಂಡರಗಿಯ ಒಣ ಬಯಲಿನವರೆಗೆ ಒಂದೇ ಪರಿಷತ್ತು. ನವಲಗುಂದದ ಸದಸ್ಯನ ತಕರಾರು ಹಿರೇಕೆರೂರಿನವನಿಗೆ ಹೊಸದು, ಅವನ ತಕರಾರು ಇವನಿಗೆ ಹೊಸದು. ಆದರೂ ಈ ಜಗಳ ಬೆಂಗಳೂರಿನ ಕಾರಿಡಾರಿನಲ್ಲಿ ನಡೆಯದೆ ಧಾರವಾಡದ ಸಭೆಯಲ್ಲೇ ನಡೆಯುವಂತಾಯಿತು.

ಕೂಲಿಯ ದುಡ್ಡು ಯಾವ ದಾರಿಯಲ್ಲಿ ಬಂತು?

ಈಗ ಉದ್ಯೋಗದ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಹಳ್ಳಿಯ ಬಡವರಿಗೆ ಕೂಲಿ ಕೊಡುವ ಎರಡು ದೊಡ್ಡ ಯೋಜನೆಗಳಿದ್ದವು. 1980ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಕಾರ್ಯಕ್ರಮ, ಜನರ ಬಾಯಲ್ಲಿ ಎನ್‌ಆರ್‌ಇಪಿ. 1983ರ ಆಗಸ್ಟ್ 15ರಂದು ಬಂದ ಭೂರಹಿತರ ಉದ್ಯೋಗ ಖಾತರಿ ಕಾರ್ಯಕ್ರಮ, ಅಂದರೆ ಆರ್‌ಎಲ್‌ಇಜಿಪಿ. ಮೊದಲನೆಯದಕ್ಕೆ ಕೇಂದ್ರ, ರಾಜ್ಯ ಅರ್ಧರ್ಧ. ಎರಡನೆಯದಕ್ಕೆ ಪೂರ್ತಿ ಕೇಂದ್ರದ ಹಣ, ಭೂಮಿ ಇಲ್ಲದ ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸ ಕೊಡುವ ಗುರಿ. ಕೂಲಿಯ ಒಂದು ಭಾಗ ಕಾಳಿನ ರೂಪದಲ್ಲಿ.

ಈ ಹಣ ದೇಶದ ಬಹುತೇಕ ಕಡೆ ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಸ್ಥೆ ಎಂಬ ಅಧಿಕಾರಿಗಳ ಕೂಟದ ಮೂಲಕ ಹೋಗುತ್ತಿತ್ತು. ಡಿ.ಸಿ. ಅದರ ಯಜಮಾನ. ಕರ್ನಾಟಕ ಆ ಸಂಸ್ಥೆಯನ್ನು ಜಿಲ್ಲಾ ಪರಿಷತ್ತಿನ ಕೆಳಗೆ ತಂದಿತು. ಕೇಳಲಿಕ್ಕೆ ಇದು ಫೈಲಿನ ವಿಷಯ. ಆದರೆ ಬಡವನ ಕೂಲಿಯ ದುಡ್ಡಿಗೆ ಮೊದಲ ಬಾರಿಗೆ ವೋಟು ಕೇಳಿ ಬಂದವನೊಬ್ಬ ಉತ್ತರದಾಯಿಯಾದ. ಕೆರೆ ಹೂಳೋ, ರಸ್ತೆಗೆ ಮಣ್ಣೋ ಅಂತ ಊರಲ್ಲಿ ಕೇಳುವ ಬಾಗಿಲು ತೆರೆಯಿತು.

ಇದು ಯಾಕೆ ಮುಖ್ಯ ಅನ್ನೋದಕ್ಕೆ ನವಲಗುಂದವೇ ಸಾಕ್ಷಿ. ಇಲ್ಲಿನದು ಎರೆ ಭೂಮಿ. ತೋಡಿದರೆ ಸಿಗುವ ನೀರು ಎಷ್ಟೋ ಕಡೆ ಸವಳು. ನೀರ್ ಸಾಬರ ಬೋರ್‌ವೆಲ್ ದಕ್ಷಿಣದ ಕಲ್ಲುಭೂಮಿಯಲ್ಲಿ ಗೆದ್ದ ಹಾಗೆ ಇಲ್ಲಿ ಗೆಲ್ಲಲಿಲ್ಲ. ಈ ಸೀಮೆಯ ಜನ ಇವತ್ತಿಗೂ ಕುಡಿಯೋದು ಕೆರೆ ನೀರು. ಮಳೆ ನೀರು, ಮಲಪ್ರಭಾ ಕಾಲುವೆಯ ನೀರು ಕೆರೆಗೆ ತುಂಬಿಸಿಕೊಂಡು ಬೇಸಿಗೆ ಕಳೆಯಬೇಕು. ಅಣ್ಣಿಗೇರಿಯದ್ದೂ ಅದೇ ಪಾಡು. ಕಾಲುವೆ ಬಿಡೋದು ತಡವಾದರೆ ಕೆರೆ ತಳ ಕಾಣುತ್ತದೆ. ಕಲಘಟಗಿಯಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಗೆ ಸಾಲುಸಾಲು ಕೆರೆ. ಕುಂದಗೋಳದಲ್ಲಿ ಮೆಣಸಿನಕಾಯಿ, ಹತ್ತಿ. ಬೇಸಿಗೆಯಲ್ಲಿ ಒಣಗುವ ಬೆಣ್ಣೆಹಳ್ಳ ಮಳೆಗಾಲದಲ್ಲಿ ಹೊಲಕ್ಕೇ ನುಗ್ಗುತ್ತದೆ. ಒಂದೇ ಜಿಲ್ಲೆ, ಒಂದೊಂದು ತಾಲ್ಲೂಕಿಗೂ ಬೇರೆ ಬೇರೆ ನೀರಿನ ಲೆಕ್ಕ. ರಾಜ್ಯಕ್ಕೆಲ್ಲ ಒಂದೇ ನಮೂನೆಯ ಬೋರ್‌ವೆಲ್ ಸಾಲದು ಅಂತ ನವಲಗುಂದದ ಸವಳು ನೀರು ಹೇಳುತ್ತದೆ. ಹಾಗೆ ನೋಡಿದರೆ ನಜೀರ್ ಸಾಬರ ಪಂಪು ಸೋತ ಕಡೆ ಅವರ ಕಾಯ್ದೆಗೆ ಹೆಚ್ಚು ಬೆಲೆ.

ಇನ್ನೊಂದು ಲೆಕ್ಕವೂ ಇದೆ. ರಿಗ್ ಬೋರ್‌ವೆಲ್ ಕೊರೆದು ಮುಗಿಸಲು ಒಂದು ದಿನ, ನಾಲ್ಕೈದು ಜನ ಸಾಕು. ಊರವರಿಗೆ ಅದರಲ್ಲಿ ಕೂಲಿ ಇಲ್ಲ. ಕೆರೆ ಹೂಳೆತ್ತಲು ನೂರು ಕೈ, ಹಲವು ವಾರ ಬೇಕು. ಬೇಸಿಗೆಯಲ್ಲಿ ಕೆಲಸ ಇಲ್ಲದೆ ಕೂತವರಿಗೆ ಕೂಲಿ, ಮಳೆಗಾಲ ಮುಗಿದ ಮೇಲೆ ಊರಿಗೆ ನೀರು. ಉದ್ಯೋಗ ಯೋಜನೆಯೂ ನೀರಿನ ಯೋಜನೆಯೂ ಕೂಡುವ ಜಾಗ ಕೆರೆ. ಯಾವ ಕೆರೆ, ಯಾವ ತಿಂಗಳು, ಎತ್ತಿದ ಹೂಳು ಯಾರ ಹೊಲಕ್ಕೆ ಅನ್ನೋದನ್ನು ಮಾತ್ರ ಊರೇ ಹೇಳಬೇಕು.

ಹೊಗಳಿಕೆಯ ಆಚೆ

ನಜೀರ್ ಸಾಬರನ್ನು ದೇವರು ಮಾಡುವ ಅಗತ್ಯ ಇಲ್ಲ. ಅವರ ವ್ಯವಸ್ಥೆಯಲ್ಲಿ ಜಿಲ್ಲೆ ಬಲವಾಯಿತು, ಮಂಡಲ ಅಷ್ಟು ಬಲವಾಗಲಿಲ್ಲ. ತಾಲ್ಲೂಕು ಸಮಿತಿಗೆ ನೇರ ಚುನಾವಣೆಯೇ ಇರಲಿಲ್ಲ. ಕುರ್ಚಿಗಳಲ್ಲಿ ಹೆಚ್ಚಿನವು ಭೂಮಿ ಇದ್ದ ದೊಡ್ಡ ಜಾತಿಗಳಿಗೇ ಹೋದವು. ಎಷ್ಟೋ ಸದಸ್ಯೆಯರ ಜಾಗದಲ್ಲಿ ಗಂಡಂದಿರು ಮಾತಾಡಿದರು. ಬೋರ್‌ವೆಲ್ ಸಂಸ್ಕೃತಿ ಮುಂದೆ ಖಾಸಗಿ ರಿಗ್‌ಗಳ ಕೈಗೆ ಹೋಗಿ ಅಂತರ್ಜಲ ಪಾತಾಳ ಸೇರಿತು. ಇದಕ್ಕೆ ಅವರೊಬ್ಬರನ್ನು ಹೊಣೆ ಮಾಡಲಾಗದು. ಆದರೂ ಪಂಪು ಬಂದ ಮೇಲೆ ಕೆರೆ, ಬಾವಿಯನ್ನು ನಾವು ಮರೆತದ್ದು ಹೌದು.

ಈ ಕೊರತೆಗಳನ್ನು ತಿದ್ದಲು ಅವರಿಗೆ ಸಮಯ ಸಿಗಲಿಲ್ಲ. 1988ರ ಆಗಸ್ಟ್‌ನಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಅದೇ ಅಕ್ಟೋಬರ್‌ನಲ್ಲಿ ಕ್ಯಾನ್ಸರ್‌ನಿಂದ ನಜೀರ್ ಸಾಬ್ ತೀರಿಕೊಂಡರು. ಅವರು ಕಟ್ಟಿದ ಪರಿಷತ್ತುಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಎನ್‌ಆರ್‌ಇಪಿ, ಆರ್‌ಎಲ್‌ಇಜಿಪಿ ಎರಡನ್ನೂ ಸೇರಿಸಿ ಜವಾಹರ್ ರೋಜ್‌ಗಾರ್ ಯೋಜನೆ ಬಂತು. ಅದರ ಹಣವನ್ನು ಪಂಚಾಯಿತಿಗಳಿಗೇ ಮುಟ್ಟಿಸಬೇಕು ಎಂಬ ಮಾತು ದೆಹಲಿಯಲ್ಲೂ ಕೇಳಿಬಂತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾದಾಗ ದೇಶಕ್ಕೆಲ್ಲ ನೇರ ಚುನಾವಣೆ, ಮಹಿಳಾ ಮೀಸಲು, ಗ್ರಾಮಸಭೆ ಬಂದವು. ಕರ್ನಾಟಕದ ಪ್ರಯೋಗ ಅದರ ಹಿಂದಿನ ಮುಖ್ಯ ಮಾದರಿಗಳಲ್ಲೊಂದು.

ವ್ಯಂಗ್ಯ ಏನೆಂದರೆ, ಅದೇ ಹೊತ್ತಿಗೆ ಕರ್ನಾಟಕದಲ್ಲಿ ಅವರ ಪರಿಷತ್ತುಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದು ಕೂತಿದ್ದರು. ಗ್ರಾಮ ಪಂಚಾಯಿತಿಗಳಿಗೆ 1993ರ ಕೊನೆಗೆ ಚುನಾವಣೆ ಆಯಿತು. ಜಿಲ್ಲಾ ಪಂಚಾಯಿತಿಗೆ 1995ರವರೆಗೆ ಕಾಯಬೇಕಾಯಿತು.

ಖಾಲಿ ಸಭಾಂಗಣ

ಈಗಿನ ಸ್ಥಿತಿ ಅದಕ್ಕಿಂತ ಕೆಟ್ಟದು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಜನ ಕೊನೆಯ ಸಲ ವೋಟು ಹಾಕಿದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳು ಉರುಳಿದವು. ಆಗ ಬಿಜೆಪಿ ಸರ್ಕಾರ ಇತ್ತು, ಆಮೇಲೆ ಕಾಂಗ್ರೆಸ್ ಬಂತು. ಈ ವಿಷಯದಲ್ಲಿ ಮಾತ್ರ ಎರಡೂ ಪಕ್ಷಕ್ಕೆ ಭಿನ್ನಾಭಿಪ್ರಾಯ ಇಲ್ಲ. ಎಂಬತ್ತರ ದಶಕದಲ್ಲಿ ಶಾಸಕರು ಹೆದರಿದ್ದ ಕುರ್ಚಿಯನ್ನು ಖಾಲಿ ಬಿಡೋದು ಎಲ್ಲ ಪಕ್ಷದ ಶಾಸಕರಿಗೂ ಹಿತವೇ.

ಇದರ ಪೆಟ್ಟು ಬೀಳೋದು ಕೂಲಿಯವನ ಮೇಲೆ. 2005ರ ಉದ್ಯೋಗ ಖಾತರಿ ಕಾಯ್ದೆ 2008ರಲ್ಲಿ ಧಾರವಾಡ ಜಿಲ್ಲೆಗೆ ಬಂತು. ಕೆಲಸ ಕೇಳೋದು ಹಕ್ಕಾಯಿತು. ಕನಿಷ್ಠ ಅರ್ಧದಷ್ಟು ಕಾಮಗಾರಿಯನ್ನು ಗ್ರಾಮ ಪಂಚಾಯಿತಿಯೇ ಮಾಡಬೇಕು, ಲೆಕ್ಕವನ್ನು ಗ್ರಾಮಸಭೆಯೇ ತಪಾಸಣೆ ಮಾಡಬೇಕು ಎಂದು ಬರೆಯಲಾಯಿತು. ಜಮೀನಿಗೆ ಬದು, ಕೃಷಿ ಹೊಂಡ, ಕೆರೆ ಹೂಳು ಅಂತ ಕೆಲಸಗಳು ನಡೆದವು. 2025-26ಕ್ಕೆ ರಾಜ್ಯದಲ್ಲಿ ದಿನದ ಕೂಲಿ 370 ರೂಪಾಯಿ. ಆದರೆ ನಮೂನೆ-6 ಕೊಟ್ಟರೂ ಕೆಲಸ ಸಿಗದಿದ್ದರೆ, ಕೂಲಿ ತಡವಾದರೆ, ಹಾಜರಿ ಆ್ಯಪ್ ಕೈಕೊಟ್ಟರೆ ಯಾರನ್ನು ಕೇಳೋದು? ಪಿಡಿಒ ತಾಲ್ಲೂಕಿನತ್ತ ಬೆರಳು ತೋರಿಸುತ್ತಾರೆ, ತಾಲ್ಲೂಕಿನವರು ಜಿಲ್ಲೆಯತ್ತ, ಜಿಲ್ಲೆಯವರು ಪೋರ್ಟಲ್‌ನತ್ತ. ಮೇಲಿನ ಎರಡು ಮೆಟ್ಟಿಲಲ್ಲಿ ಜನ ಆರಿಸಿದವರು ಯಾರೂ ಇಲ್ಲ. ವಾಷರ್ ಸವೆದಿದೆ, ರಿಪೇರಿ ಗಾಡಿ ಬರೋದು ಬೆಂಗಳೂರಿನಿಂದಲೋ ದೆಹಲಿಯಿಂದಲೋ ಅಂತ ಊರು ಕಾಯುತ್ತಿದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ದಿನಗಳು 100ರಿಂದ 125ಕ್ಕೆ ಏರಿದವು. ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇ. 40 ಹೊರಬೇಕು, ಯಾವ ರಾಜ್ಯಕ್ಕೆ ಎಷ್ಟು ಅನ್ನೋದನ್ನು ಕೇಂದ್ರ ನಿಗದಿ ಮಾಡುತ್ತದೆ. ಹೆಚ್ಚು ದಿನ ಸಿಗುತ್ತದೋ ಇಲ್ಲವೋ ಅಂತ ಟಿವಿಗಳಲ್ಲಿ ಜಗಳ ಆಗುತ್ತಿದೆ. ತೀರ್ಮಾನ ಕೆಳಗೆ ಇಳಿಯುತ್ತಿದೆಯೋ ಮೇಲೆ ಹತ್ತುತ್ತಿದೆಯೋ ಎಂಬ ನಜೀರ್ ಸಾಬರ ಪ್ರಶ್ನೆ ಕೇಳಿಸುತ್ತಿಲ್ಲ.

ಪಟ್ಟಣದ ಕಡೆ ನೋಡಿದರೂ ಸಮಾಧಾನ ಇಲ್ಲ. ಕುಂದಗೋಳ, ಕಲಘಟಗಿ ಕಡೆಯಿಂದ ಬೆಳಿಗ್ಗೆ ಬಸ್ಸು, ರೈಲು ಹಿಡಿದು ಹುಬ್ಬಳ್ಳಿಗೆ ಗಾರೆ ಕೆಲಸಕ್ಕೆ ಹೋಗುವವರಿಗೆ ಅಲ್ಲಿ ಯಾವ ಖಾತರಿಯೂ ಇಲ್ಲ. 2016ರಲ್ಲಿ ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ತೋಳನಕೆರೆ ಚೆಂದವಾಯಿತು. ಆದರೆ ಆ ಹಣದ ತೀರ್ಮಾನ ಮಾಡಿದ್ದು ಒಂದು ಕಂಪನಿ. 2019ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗೆ ಮಹಾನಗರ ಪಾಲಿಕೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಊರಲ್ಲಿ ಕೆರೆಯ ಬಗ್ಗೆ ಕೇಳೋರಿಲ್ಲ, ನಗರದಲ್ಲೂ ಕೆರೆಯ ಬಗ್ಗೆ ಕೇಳೋರಿರಲಿಲ್ಲ. ಇಬ್ಬರ ನಡುವೆ ದಿನಾ ಓಡಾಡುವ ಕೂಲಿಯವನಿಗೆ ಎರಡೂ ಕಡೆ ದನಿ ಇಲ್ಲ.

ನಜೀರ್ ಸಾಬರ ಹೆಸರಲ್ಲಿ ಸಂಸ್ಥೆ ಇದೆ, ಭಾಷಣಗಳಲ್ಲಿ ಅವರ ನೆನಪೂ ಬರುತ್ತದೆ. ಅವರಿಗೆ ಗೌರವ ಸಲ್ಲಿಸಲು ಇನ್ನೊಂದು ಪ್ರತಿಮೆ ಬೇಡ. ಧಾರವಾಡದ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ನವಲಗುಂದದ ಹೆಣ್ಣುಮಗಳೊಬ್ಬಳು ಎದ್ದು ನಿಂತು, ನಮ್ಮ ಕೆರೆಯ ಹೂಳು ಈ ಬೇಸಿಗೆಯಲ್ಲೇ ತೆಗೆಯಬೇಕು ಅಂತ ಅಧಿಕಾರದಿಂದ ಕೇಳುವಂತಾಗಬೇಕು. ಅದಕ್ಕೆ ಬೇಕಾದ ಕಾಯ್ದೆ ಇದೆ, ಕಟ್ಟಡ ಇದೆ, ಕುರ್ಚಿಯೂ ಇದೆ. ಚುನಾವಣೆಯೊಂದು ಆಗಬೇಕು. ವೋಟು ಕೇಳಲು ಮುಂದಿನ ಸಲ ಶಾಸಕರು ಊರಿಗೆ ಬಂದಾಗ ರಸ್ತೆ, ಗಟಾರದ ಜೊತೆಗೆ ಇದನ್ನೂ ಕೇಳಿ.